ಔಷಧಿ ಹೊಡೆದ ಬದುವಿನ ಸೊಪ್ಪು

ಗೌರಕ್ಕ,

ನಿನ್ನ ಮಗಳು ಶೋಭಾ ಔಷಧಿ ಹೊಡೆದ ಬದುವಿನ ಸೊಪ್ಪು ತಿಂದಿದ್ದಾಳೆ. ಹುಳಕ್ಕೆ ಹೊಡೆಯುವ ಔಷಧಿಯಲ್ಲ, ಹುಲ್ಲು ಸಾಯಿಸುವುದು. ಅವಳಿಗೆ ಈಗ ಐದು ತಿಂಗಳು. ಹೌದು ಕಣಕ್ಕ, ಬಸುರಿ. ಮದುವೆಯಾಗಿ ಎಷ್ಟು ವರ್ಷ ಕಾದಳು, ನೀನೂ ಎಷ್ಟು ಕಾದೆ. ನೀನು ಕಣ್ಣು ಮುಚ್ಚಿದ ಮೇಲೆ ಬಂತು ಈ ಸುದ್ದಿ. ಇದನ್ನು ನಿನಗೆ ಸಂತೋಷದಿಂದ ಬರೆಯಬೇಕು ಅಂದುಕೊಂಡಿದ್ದೆ, ಆಗಲಿಲ್ಲ. ಸುತ್ತಿ ಬಳಸಿ ಮಾತಾಡಿದರೆ ನಿನಗೆ ಸಿಟ್ಟು ಬರುತ್ತಿತ್ತು. ಅದಕ್ಕೇ ಮೊದಲ ಸಾಲಿನಲ್ಲೇ ಹೇಳಿಬಿಟ್ಟೆ.

ಸಿದ್ರಾಮಣ್ಣನ ರಾಗಿ ಹೊಲದಲ್ಲಿ ನೀನು ಸಾಲಿನ ಮಧ್ಯೆ ಎದ್ದು ನಿಂತದ್ದು ನೆನಪಿದೆಯಾ? ಬುಕ್ಕಾಂಬುಧಿ ಸುತ್ತಿನಲ್ಲಿ ಕಳೆ ಕೀಳುವ ಹೆಂಗಸರಿಗೆಲ್ಲ ನೀನೇ ಮುಂದಾಳು. ನಾನು ಕಡೂರಿನಿಂದ ಬಸ್ಸಿನಲ್ಲಿ ಬಂದು, ಕರಪತ್ರ ಹಂಚಿ, ಗಂಟಲು ಹರಿಯುವಂತೆ ಕೂಗಿ ಹೋಗುವವಳು. ಕುಡುಗೋಲು ಹಿಡಿದು ಸಾಲಿನಲ್ಲಿ ಕೂರುವುದನ್ನು ಕಲಿಸಿದವಳು ನೀನು. ಕೂಲಿಯ ಜೊತೆ ಒಂದು ಮಡಿಲು ಸೊಪ್ಪು ಕಳೆ ಆಳಿಗೆ ಸೇರಿದ್ದು. ಇದು ನಮ್ಮ ಕಡೆ ಯಾರೂ ಬರೆದಿಡದ ಕಾನೂನು. ಅಣ್ಣೆಸೊಪ್ಪು, ಗೋಣಿಸೊಪ್ಪು, ಗಣಿಕೆ, ಹೊನಗೊನ್ನೆ, ಕಳೆಯ ಜೊತೆ ಸಿಕ್ಕಿದ್ದೆಲ್ಲ ಸೆರಗಿಗೆ. ಸಂಜೆಗೆ ಬೆರಕೆ ಸೊಪ್ಪಿನ ಸಾರು, ಮುದ್ದೆ. ಆ ವರ್ಷ ಸಿದ್ರಾಮಣ್ಣ, "ಸೊಪ್ಪು ಯಾರೂ ತಗಂಡೋಗಂಗಿಲ್ಲ, ನಮ್ಮ ಎಮ್ಮೆಗೆ ಬೇಕು" ಅಂದುಬಿಟ್ಟ. ನೀನು ಸೊಂಟದ ಮೇಲೆ ಕೈಯಿಟ್ಟೆ.

"ಏನಪ್ಪಾ ಸಿದ್ರಾಮಣ್ಣ, ಕೀಳೋವಾಗ ಕಳೆ, ನಮ್ಮ ಮಡ್ಲಿಗೆ ಬಿದ್ರೆ ಬೆಳೆನಾ? ಯಾವ್ದಾದ್ರೂ ಒಂದು ತೀರ್ಮಾನ ಮಾಡು. ಅಲ್ಲೀಗಂಟ ನಾವು ಬದಿನ್ ಮೇಲೆ ಕೂತಿರ್ತೀವಿ."

ಕೂತೇಬಿಟ್ಟೆವು. ಎಲೆಯಡಿಕೆ ಚೀಲ ಬಿಚ್ಚಿ, ಒಬ್ಬರಿಗೊಬ್ಬರು ಹೇನು ನೋಡುತ್ತಾ. ಕೊನೆಗೆ ಅವನೇ ನಕ್ಕು, "ತಗಂಡೋಗ್ರಮ್ಮ ತಾಯಂದ್ರಾ, ನಮ್ಮ ಎಮ್ಮೆಗಿಂತ ನಿಮ್ಮ ಬಾಯೇ ದೊಡ್ಡದು" ಅಂದ. ಅವನ ಹೆಗಲ ಮೇಲೆ ರೈತ ಚಳವಳಿಯ ಹಸಿರು ಟವಲ್ ಇತ್ತು, ಮರೆಯಬೇಡ. ಬೀಜ, ಔಷಧಿ ಕಂಪನಿಗಳ ವಿರುದ್ಧ ನನ್ನ ಜೊತೆ ಒಂದೇ ಲಾರಿಯಲ್ಲಿ ನಿಂತು ಕೂಗಿದವನು. ಆ ಗಂಡಸರೆಲ್ಲ ಹಾಗೇ ಅಲ್ಲವಾ? ದೂರದ ಕಂಪನಿಯ ಮುಂದೆ ಹುಲಿ, ಹತ್ತಿರದ ಕೂಲಿಹೆಂಗಸಿನ ಮುಂದೆ ಯಜಮಾನ.

ಈಗ ಆ ರಾಗಿ ಹೊಲವಿಲ್ಲ, ತೆಂಗಿನ ತೋಟವಾಗಿದೆ. ಕಳೆ ಕೀಳುವ ಸಾಲೂ ಇಲ್ಲ. ನೀನಿರುವಾಗಲೇ ಶುರುವಾಗಿತ್ತಲ್ಲ, ಬೆನ್ನಿಗೆ ಕ್ಯಾನು ಕಟ್ಟಿಕೊಂಡ ಒಬ್ಬನೇ ಗಂಡಸು ಅರ್ಧ ದಿನದಲ್ಲಿ ಮುಗಿಸಿಬಿಡುವುದು. ಡಬ್ಬಿಯ ಮೇಲೆ ಇದಕ್ಕೆ 'ಅನಗತ್ಯ ಸಸ್ಯಗಳ ನಿಯಂತ್ರಣ' ಅಂತ ಹೆಸರು. ಅನಗತ್ಯ ಅಂದರೆ ಯಾರಿಗೆ ಅನಗತ್ಯ? ತೀರ್ಮಾನ ಮಾಡಿದವರು ಯಾರು? ಗರಿಕೆ, ಜೇಕು, ಕಾಂಗ್ರೆಸ್ ಗಿಡದ ಜೊತೆಗೇ ನಿನ್ನ ಅಣ್ಣೆಸೊಪ್ಪೂ ಆ ಪಟ್ಟಿಗೆ ಸೇರಿತು. ಅದರ ಹಿಂದೆಯೇ ನಿನ್ನ ಸಾಲಿನ ಹೆಂಗಸರೂ. ಅನಗತ್ಯ.

ನಾಲ್ಕೈದು ದಿನದ ಹಿಂದೆ ನಾನು ನಿನ್ನ ಊರಿಗೆ ಹೋದಾಗ ಶೋಭಾ ಅತ್ತೆಮನೆಯ ಬಾಗಿಲಲ್ಲೇ ಕಾಯುತ್ತಿದ್ದಳು. ಬಯಕೆ ಊಟ ಹಾಕಲು ಅಮ್ಮನಿಲ್ಲ, ಚಿಕ್ಕಮ್ಮನಾದರೂ ಬರಲಿ ಅಂತ ಫೋನು ಮಾಡಿಸಿದ್ದಳು. ನಾನು ಕಡೂರಿನಿಂದ ಹೋಳಿಗೆ, ಚಿರೋಟಿ ಕಟ್ಟಿಸಿಕೊಂಡು ಹೋಗಿದ್ದೆ. ಅವಳು ಅದನ್ನು ಮುಟ್ಟಲೇ ಇಲ್ಲ. "ನಂಗೆ ಅಮ್ಮ ಮಾಡ್ತಿದ್ದ ಸಾರೇ ಬೇಕು ಅನ್ಸ್ತು ಕಣ್ ಚಿಕ್ಕಮ್ಮ. ನಾನೇ ಮಾಡ್ಕಂಡಿದೀನಿ, ನೀನೂ ಉಣ್ಣು" ಅಂದಳು. ಎರಡು ದಿನದಿಂದ ಅದನ್ನೇ ಮಾಡಿಕೊಂಡು ಉಣ್ಣುತ್ತಿದ್ದಾಳೆ ಅಂತ ಅವಳ ಅತ್ತೆ ಪುಟ್ಟಮ್ಮ ಒಳಗಿನಿಂದ ಚುಚ್ಚಿದಳು: "ನಾವು ತಂದಾಕಿದ್ದು ಈ ಮಾರಾಣೀಗೆ ರುಚ್ಸಲ್ಲ. ಬದಿನ್ ಸೊಪ್ಪೇ ಆಗ್ಬೇಕು." ನಾನು ಉಂಡೆ. ನಿನ್ನ ಕೈಯ ರುಚಿಯೇ, ಬೆಳ್ಳುಳ್ಳಿ ಮಾತ್ರ ಒಂದು ಹಿಡಿ ಜಾಸ್ತಿ. ಎರಡನೇ ಸಲವೂ ಹಾಕಿಸಿಕೊಂಡೆ.

ಉಂಡು ಕೈ ತೊಳೆದು, ಎಲ್ಲಿ ಕಿತ್ತೆ ತೋರಿಸು, ನಾನೂ ಒಂದು ಹಿಡಿ ಕಡೂರಿಗೆ ಒಯ್ಯುತ್ತೇನೆ ಅಂದೆ. ಮನೆಯ ಹಿಂದಿನಿಂದ ಹೋದರೆ ಸಿದ್ರಾಮಣ್ಣನ ತೋಟದ ಬದುವೇ. ಅಣ್ಣೆಸೊಪ್ಪು ಹಸಿರಾಗೇ ನಿಂತಿತ್ತು. ಆದರೆ ಅದರ ಬುಡದ ಹುಲ್ಲು ತುದಿಯಿಂದ ಬಿಳಿಚಿಕೊಂಡು ಬಂದಿತ್ತು, ಯಾರೋ ನೂಲು ಹಿಡಿದು ಎಳೆದ ಹಾಗೆ ನೇರಕ್ಕೆ, ತೋಟದ ಉದ್ದಕ್ಕೂ. ಬಿಸಿಲಿಗೆ ಬಾಡುವ ಹುಲ್ಲು ನೇರ ಗೆರೆಯಲ್ಲಿ ಬಾಡುವುದಿಲ್ಲ, ಗೌರಕ್ಕ. ಅಲ್ಲೇ ನಿಂತೆ. ತೋಟದ ಆ ತುದಿಗೆ, ದನ ಹೋಗುವ ದಾರಿಗೆ ಕಣ್ಣು ಹಾಯಿಸಿದರೆ ಅಲ್ಲೊಂದು ಕೋಲು, ಕೋಲಿಗೆ ಬೇವಿನ ಸೊಪ್ಪು. ಔಷಧಿ ಹೊಡೆದಿದೆ, ದನ ಬಿಡಬೇಡಿ ಅಂತ ಊರಿಗೆಲ್ಲ ಗೊತ್ತಿರುವ ಗುರುತು. ಹೆಂಗಸರು ಬರುವ ಈ ಕಡೆಗೆ ಏನೂ ಇಲ್ಲ.

ಶೋಭಾಳ ಕೈ ಅಷ್ಟರಲ್ಲಿ ಹೊಟ್ಟೆಯ ಮೇಲೆ ಹೋಗಿತ್ತು. "ಅಣ್ಣೆಸೊಪ್ಪಿನ ಕುಡಿ ಒಂಚೂರು ಬೆಳ್ಳಗಾಗಿತ್ತು ಚಿಕ್ಕಮ್ಮ, ಬಿಸ್ಲಿಗೆ ಅಂದ್ಕಂಡೆ. ಏನೂ ಆಗಲ್ಲ ಅಲ್ವಾ?" ಅಂದಳು. ಅವಳ ಇನ್ನೊಂದು ಕೈ ಹಿಡಿದುಕೊಂಡು ಸಿದ್ರಾಮಣ್ಣನ ಮನೆ ಕಡೆ ನಡೆದೆ.

ಸಿದ್ರಾಮಣ್ಣ ಕೊಟ್ಟಿಗೆಯಲ್ಲಿ ಹಿಂಡಿ ಕಲಸುತ್ತಿದ್ದ. ನಮ್ಮ ಮುಖ ನೋಡಿಯೇ ಎದ್ದು ನಿಂತ. ನಾನು ಕೂತು ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

"ಬದಿಗೆ ಔಷಧಿ ಹೊಡುದ್ಯಾ?"

"ಹೊಡ್ಸಿದೆ. ಮೂರ್ ದಿನ ಆಯ್ತು. ಬೇವಿನ್ ಸೊಪ್ಪು ಕಟ್ಟಿದೀನಲ್ಲಮ್ಮ, ದನ ಕಾಯೋರಿಗೆಲ್ಲ ಕೂಗಿ ಹೇಳಿದೀನಿ."

"ದನ ಕಾಯೋರಿಗೆ ಹೇಳ್ದೆ. ಸೊಪ್ಪು ಕೀಳೋರಿಗೆ?"

"ಅಯ್ಯೋ, ಈ ಕಾಲ್ದಲ್ಲಿ ಸೊಪ್ಪು ಯಾರಮ್ಮ ಕೀಳ್ತಾರೆ?" ಅಂದವನು ಶೋಭಾಳ ಕೈ ಎಲ್ಲಿದೆ ಅಂತ ನೋಡಿದ. ಹಿಂಡಿಯ ಕೈ ಹಾಗೇ ಗಾಳಿಯಲ್ಲಿ ನಿಂತಿತು.

ಅದೇ ಗೌರಕ್ಕ, ಅಷ್ಟೇ. ಬೇರೆ ಪಾಪವಿಲ್ಲ ಅವನದು. ದನ ಮೇಯುತ್ತದೆ ಅಂತ ಅವನಿಗೆ ನೆನಪಿತ್ತು. ಹೆಂಗಸರು ಬದುವಿನಿಂದ ಉಣ್ಣುತ್ತಾರೆ ಅನ್ನುವುದು ಮರೆತುಹೋಗಿತ್ತು. ನಿನ್ನ ಮುಂದೆ ನಿಂತು ಸೊಪ್ಪು ಬಿಟ್ಟುಕೊಟ್ಟವನಿಗೇ ಮರೆತುಹೋಗಿತ್ತು! ಕೊಂದುಹಾಕುವಷ್ಟು ಸಿಟ್ಟು ಬಂತು ನನಗೆ. ಆದರೆ ಕೂಗಾಡಲು ಪುರುಸೊತ್ತಿರಲಿಲ್ಲ.

ಯಾವ ಔಷಧಿ ಅಂದೆ. "ಹುಲ್ಲಿನೌಷ್ಧಿ" ಅಂದ. ಹೆಸರು? ಗೊತ್ತಿಲ್ಲ. ಅಜ್ಜಂಪುರದ ಅಂಗಡಿಯಲ್ಲಿ ದೊಡ್ಡ ಕ್ಯಾನಿನಿಂದ ನೀರಿನ ಬಾಟಲಿಗೆ ಬಗ್ಗಿಸಿಕೊಟ್ಟಿದ್ದಾರೆ. ಆ ಬಾಟಲಿಗೆ ಚೀಟಿಯಿಲ್ಲ, ಏನಿಲ್ಲ. ಅದಕ್ಕೆ ಇವನು ಯೂರಿಯಾ, ಒಂದಿಷ್ಟು ಉಪ್ಪು ಬೆರೆಸಿದ್ದಾನೆ, ಚೆನ್ನಾಗಿ ಹಿಡಿಯಲಿ ಅಂತ. "ಹುಲ್ಲಿನೌಷ್ಧಿ ಅಂದ್ರೆಲ್ಲ ಒಂದೇ, ಎಲೆ ಮೇಲೆ ಬಿದ್ರೆ ಸಾಕಮ್ಮ. ಎಲೆನೇ ಕುಡ್ದು ಬೇರಿಗೆ ಕಳಿಸ್ತದೆ. ಬೇರು ಸಮೇತ ಹೋಗ್ತದೆ, ತೆಂಗಿಗೆ ಏನೂ ಆಗಲ್ಲ. ಟ್ರ್ಯಾಕ್ಟರ್ ಹೊಡುದ್ರೆ ತೆಂಗಿನ ಬೇರು ಹರೀತದೆ, ಆಳು ಕೂಗಿದ್ರೆ ಬರಲ್ಲ, ನಾನೇನ್ ಮಾಡ್ಲಿ..." ಅಂತ ಒಂದೇ ಸಮ ಹೇಳುತ್ತಿದ್ದ. ಅದು ನನಗೆ ಹೇಳಿದ್ದಲ್ಲ, ಅವನಿಗೆ ಅವನೇ ಹೇಳಿಕೊಂಡದ್ದು.

ಶೋಭಾಳ ಗಂಡ ಲೋಕೇಶ ತೆಂಗಿನಕಾಯಿ ಹೇರುವ ಗೂಡ್ಸ್ ಆಟೋ ಇಟ್ಟಿದ್ದಾನಲ್ಲ, ಅದರಲ್ಲೇ ತರೀಕೆರೆ ಆಸ್ಪತ್ರೆಗೆ ಹೊರಟೆವು. ಮುಂದೆ ಶೋಭಾ, ಹಿಂದಿನ ತೊಟ್ಟಿಯಲ್ಲಿ ನಾನು, ಸಿದ್ರಾಮಣ್ಣ. ಬೇಡ ಅಂದರೂ ಹತ್ತಿ ಕೂತ. ಹೊರಡುವಾಗ ಪುಟ್ಟಮ್ಮ ಬೀದಿಗೆ ಕೇಳುವ ಹಾಗೆ, "ಬಸುರಿ ಹೆಂಗ್ಸಿಗೆ ಅಂಥಾ ಬಾಯಿ ಚಪಲ ಏನಿತ್ತು? ನಮ್ಮ ವಂಶಕ್ಕೆ ಕಲ್ಲಾಕಿದ್ಲು" ಅಂದಳು. ಲೋಕೇಶ ಕೀ ತಿರುಗಿಸಿದ. ಶೋಭಾ ತಲೆ ಎತ್ತಲಿಲ್ಲ. ಸೊಪ್ಪಿನ ವಿಷ ಮೈಗೆ ಏರಿತೋ ಇಲ್ಲವೋ, ಈ ಮಾತು ಮಾತ್ರ ಅಲ್ಲೇ ಏರಿತು.

ಯಾವ ಔಷಧಿ ಅಂತ ಆಸ್ಪತ್ರೆಯಲ್ಲಿ ಹೇಳಬೇಕಲ್ಲ, ದಾರಿಯಲ್ಲಿ ಅಜ್ಜಂಪುರದಲ್ಲಿ ಇಳಿದೆವು. ಆ ಅಂಗಡಿಯವನು ಮೊದಲು ನಮ್ಮನ್ನು ಗುರುತೇ ಹಿಡಿಯಲಿಲ್ಲ. "ಬಿಡಿ ಔಷಧಿ ನಾವು ಮಾರೋದೇ ಇಲ್ಲ ಮೇಡಂ" ಅಂದ. ಸಿದ್ರಾಮಣ್ಣ ಎದುರಿಗೇ ನಿಂತಿದ್ದಾನೆ! ನಾನು ಮಾತು ಬೆಳೆಸಲಿಲ್ಲ. ನೀನು ಕಲಿಸಿದ್ದೇ ಮಾಡಿದೆ. ಹೊಸ್ತಿಲ ಮೇಲೆ ಕಾಲು ನೀಡಿ ಕೂತುಬಿಟ್ಟೆ. ಗಿರಾಕಿಗಳು ಒಳಗೆ ಬರುವ ಹಾಗಿಲ್ಲ, ಹೊರಗೆ ಹೋಗುವ ಹಾಗಿಲ್ಲ.

"ಏನಮ್ಮ ಇದು, ವ್ಯಾಪಾರದ ಟೈಮಲ್ಲಿ..."

"ಕೂತಿದೀನಪ್ಪ. ಕಾಲು ನೋವು. ಹೆಸ್ರು ಹೇಳು, ಎದ್ದೋಗ್ತೀನಿ."

ಜನ ಸೇರಿದ ಮೇಲೆ ಬಾಯಿ ಬಿಟ್ಟ. ಒಳಗೆ ಎರಡು ಥರದ್ದು ಇರುತ್ತದಂತೆ. ಒಂದು ನಿಧಾನದ್ದು, ಬೇರಿಗೆ ಇಳಿಯುವುದು, ಗ್ಲೈಫೋಸೇಟ್. ಇನ್ನೊಂದು ಸುಡುವುದು, ಪ್ಯಾರಾಕ್ವಾಟ್. ತಾಕಿದ ಎಲೆ ಬೆಂದ ಹಾಗೆ ಆಗುತ್ತದೆ. ಅದು ಮನುಷ್ಯರ ಹೊಟ್ಟೆಗೆ ಹೋದರೆ ಏನಾಗುತ್ತದೆ ಅಂತ ನಿನಗೆ ಹೇಳಬೇಕಿಲ್ಲ. ನಮ್ಮ ಸುತ್ತಿನಲ್ಲಿ ಅದನ್ನು ಕುಡಿದವರ ಮನೆಗೆ ನಾವಿಬ್ಬರೂ ಹೋಗಿದ್ದೆವು. ಯಾವುದು ಕೊಟ್ಟೆ ಅಂದೆ. ತಲೆ ಕೆರೆದುಕೊಂಡ. "ಬೇಗ ಒಣಗ್ಲಿ ಅಂದೋರಿಗೆ ಸುಡೋದು ಕೊಡ್ತೀವಿ. ಇವ್ರಿಗೆ ಕೊಟ್ಟಿದ್ದು ಹುಡುಗ್ರು... ನಂಗೆ ಜ್ಞಾಪ್ಕ ಇಲ್ಲ." ಸಿದ್ರಾಮಣ್ಣ ಮೆಲ್ಲಗೆ, "ನಾನು ಬೇಗ ಒಣಗ್ಲಿ ಅಂತ್ಲೇ ಕೇಳಿದ್ದೆ ಸಾವಿತ್ರಮ್ಮ" ಅಂದ.

ಅಲ್ಲಿಂದ ತರೀಕೆರೆ ಎಷ್ಟು ದೂರ ಅಂತ ನಿನಗೆ ಗೊತ್ತು. ಆವತ್ತಿನಷ್ಟು ದೂರ ಅದು ಯಾವತ್ತೂ ಇರಲಿಲ್ಲ. ರಸ್ತೆಯ ಪ್ರತಿ ಉಬ್ಬಿಗೂ ಆಟೋ ಎತ್ತಿ ಹಾಕುತ್ತಿತ್ತು. ಮುಂದಿನ ಗಾಜಿನಿಂದ ಶೋಭಾಳ ತಲೆ ಕಾಣುತ್ತಿತ್ತು, ಅದು ಅಲ್ಲಾಡಿದರೆ ನನಗೆ ಉಸಿರು. ನನ್ನ ನಾಲಿಗೆಯಲ್ಲಿ ಉರಿಯಿದೆಯಾ, ಗಂಟಲಲ್ಲಿ ಏನಾದರೂ ಇದೆಯಾ ಅಂತ ಮತ್ತೆ ಮತ್ತೆ ಉಗುಳು ನುಂಗಿ ನೋಡಿಕೊಂಡೆ. ನಾನೂ ಉಂಡಿದ್ದೆನಲ್ಲ. ನನಗೆ ಏನೂ ಆಗದಿದ್ದರೆ ಅವಳಿಗೂ ಆಗುವುದಿಲ್ಲ ಅಂತ ಒಂದು ಹುಚ್ಚು ಲೆಕ್ಕ. ನನ್ನ ಹೊಟ್ಟೆಯಲ್ಲಿ ಮಗುವಿದೆಯೇನು?

ತರೀಕೆರೆಯ ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಆದರೆ ನಿಧಾನಸ್ಥೆ. ಶೋಭಾಳ ಬಾಯಿ ತೆಗೆಸಿ ಟಾರ್ಚು ಹಾಕಿ ನೋಡಿದರು. ಹುಣ್ಣಿಲ್ಲ, ಉರಿಯಿಲ್ಲ. ರಕ್ತ, ಮೂತ್ರ ಪರೀಕ್ಷೆಗೆ ಕಳಿಸಿ, ಮಗುವಿನ ಎದೆಬಡಿತ ಕೇಳಿದರು. ನನಗೂ ಕೇಳಿಸಿದರು ಗೌರಕ್ಕ, ಓಡುವ ಕುದುರೆಯ ಹಾಗಿತ್ತು. ಅಂಗಡಿಯವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಆಮೇಲೆ ಕೇಳಿದರು: "ಕೀಳೋವಾಗ ಸೊಪ್ಪು ಹೇಗಿತ್ತು?"

"ಚೆನ್ನಾಗಿತ್ತು ಮೇಡಂ. ಹಸಿರಾಗಿತ್ತು."

"ಔಷಧಿ ಹೊಡೆದ ಮಾರನೇ ದಿನ ಕಿತ್ತಿದ್ದೂ ಹಸಿರಾಗೇ ಇತ್ತಾ? ಇವತ್ತೂ?"

"ಇವತ್ತು ಕುಡಿ ಒಂಚೂರು ಬೆಳ್ಳಗಿತ್ತು, ಅಷ್ಟೇ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಸುಡುವ ಜಾತಿಯಾಗಿದ್ದರೆ ಮಾರನೇ ದಿನಕ್ಕೆಲ್ಲ ಎಲೆ ಕಂದಿ ಹೋಗುತ್ತಿತ್ತು, ಕೀಳುವುದಕ್ಕೆ ಮನಸ್ಸೇ ಬರುತ್ತಿರಲಿಲ್ಲ. ಹಾಗಾಗಿ ಇದು ನಿಧಾನದ್ದೇ ಇರಬೇಕು ಅಂದರು. ಸಿದ್ರಾಮಣ್ಣ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ನನಗೆ ಮಾತ್ರ ಇನ್ನೊಂದು ಭಯ ಹುಟ್ಟಿತು. ಸುಡುವುದು ಎಲೆಯ ಮೇಲೆ ತಾನಿದ್ದೇನೆ ಅಂತ ಬರೆದು ಹೋಗುತ್ತದೆ. ನಿಧಾನದ್ದು ಸುಮ್ಮನೆ ಒಳಗೆ ಇಳಿಯುತ್ತದೆ, ಎಲೆ ನಗುನಗುತ್ತಾ ನಿಂತಿರುತ್ತದೆ, ಬಸುರಿ ಹೆಂಗಸು ಬಂದು ಕಿತ್ತುಕೊಂಡು ಹೋಗುತ್ತಾಳೆ. ಯಾವುದು ಒಳ್ಳೆಯದು, ನೀನೇ ಹೇಳು.

ಮಗುವಿಗೆ ಏನೂ ಆಗುವುದಿಲ್ಲ ಅಲ್ಲವಾ ಅಂತ ನಾನು ಕೇಳಿದೆ. ಆಕೆ ಸುಳ್ಳು ಹೇಳಲಿಲ್ಲ. "ತೊಳೆದಿದ್ದಾರೆ, ಬೇಯಿಸಿದ್ದಾರೆ, ತಿಂದಿದ್ದು ಸ್ವಲ್ಪ. ಏನೂ ಆಗದೇ ಇರೋ ಸಾಧ್ಯತೆಯೇ ಹೆಚ್ಚು. ಆದರೆ ಖಾತ್ರಿ ಅಂತ ನಾನು ಹೇಳೋಕಾಗಲ್ಲಮ್ಮ. ಮುಂದಿನ ವಾರ ಸ್ಕ್ಯಾನಿಂಗಿಗೆ ಕರ್ಕೊಂಡು ಬನ್ನಿ, ಅಷ್ಟರಲ್ಲಿ ಪರೀಕ್ಷೆ ರಿಪೋರ್ಟೂ ಬಂದಿರುತ್ತೆ." ಖಾತ್ರಿ ಯಾರು ಕೊಡಬೇಕು ಹಾಗಾದರೆ? ಮಾಡಿದವರಾ, ಮಾರಿದವರಾ, ಹೊಡೆದವರಾ? ಎಲ್ಲರೂ ಹುಲ್ಲಿಗೆ ಖಾತ್ರಿ ಕೊಡುತ್ತಾರೆ, ಬೇರು ಸಮೇತ ಸಾಯುತ್ತದೆ ಅಂತ.

ವಾಪಸು ಬರುವಾಗ ನಾನು ಮುಂದೆ ಶೋಭಾಳ ಪಕ್ಕದಲ್ಲೇ ಇರುಕಿಕೊಂಡು ಕೂತೆ. ಅಜ್ಜಂಪುರ ದಾಟಿದ ಮೇಲೆ ಅವಳು ಮಾತಾಡಿದಳು. "ಚಿಕ್ಕಮ್ಮ, ನಾಳೆ ಮಗೂಗೆ ಒಂದ್ ಬೆರ್ಳು ಕಮ್ಮಿ ಆದ್ರೂ, ಒಂದು ಕೆಮ್ಮು ಬಂದ್ರೂ, ನಾನ್ ತಿಂದಿದ್ದಕ್ಕೇ ಅಂತಾರಲ್ವಾ? ಸಾಯೋಗಂಟ ಅಂತಾರೆ." ಲೋಕೇಶ ಗೇರು ಬದಲಾಯಿಸಿದ. ನಾನು, "ನೀನೂ ಏನಾದ್ರೂ ಅನ್ನಪ್ಪಾ, ಆಟೋ ಜೊತೆ ಬಾಯೂ ಅಡ ಇಟ್ಟಿದೀಯಾ?" ಅಂದೆ. "ನಾನೇನ್ ಅನ್ಲಿ ಚಿಕ್ಕಮ್ಮ, ಅವ್ವನ್ ಬಾಯಿ ನಿಮಗೇ ಗೊತ್ತಲ್ಲ" ಅಂದ. ನೋಡು, ನನ್ನ ಭಯ ಮಗುವಿನದು ಮಾತ್ರ ಅಂದುಕೊಂಡಿದ್ದೆ. ನಿನ್ನ ಮಗಳು ಅದರಾಚೆಗೂ ನೋಡಿಬಿಟ್ಟಿದ್ದಳು. ಹೊಡೆದವನು ಒಬ್ಬ, ಮಾರಿದವನು ಒಬ್ಬ, ಹೊರಬೇಕಾದವಳು ಉಂಡವಳು!

ಅವತ್ತು ನಾನು ಕಡೂರಿಗೆ ವಾಪಸು ಹೋಗಲಿಲ್ಲ. ಇಲ್ಲೇ ಇದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ಶೋಭಾಳ ಬಾಯಿ ತೆಗೆಸಿ ನೋಡುತ್ತೇನೆ. "ನಾನೇನ್ ಎಮ್ಮೆನಾ ಚಿಕ್ಕಮ್ಮ, ಹಲ್ಲು ಎಣ್ಸೋಕೆ? ಸಂತೆಗೆ ಹೊಡ್ಕಂಡೋಗ್ತೀಯಾ?" ಅಂತ ನಗುತ್ತಾಳೆ. ನಕ್ಕವಳು ಊಟಕ್ಕೆ ಕೂತರೆ ತಟ್ಟೆಯನ್ನೇ ನೋಡುತ್ತಾಳೆ. ಹಸಿರು ಬಣ್ಣದ್ದು ಏನಿದ್ದರೂ ಪಕ್ಕಕ್ಕೆ ಸರಿಸುತ್ತಾಳೆ, ಕೊತ್ತಂಬರಿ ಸೊಪ್ಪನ್ನೂ. ಪುಟ್ಟಮ್ಮ ಅವಳ ಜೊತೆ ಮಾತು ಬಿಟ್ಟಿದ್ದಾಳೆ. ಊರಲ್ಲಿ ಸುದ್ದಿ ಹಬ್ಬಿದೆ: ಗೌರಕ್ಕನ ಮಗಳು ವಿಷದ ಸೊಪ್ಪು ತಿಂದಳಂತೆ. ಯಾರು ವಿಷ ಹಾಕಿದರು ಅನ್ನುವುದು ಆ ಸುದ್ದಿಯಲ್ಲಿ ಇಲ್ಲವೇ ಇಲ್ಲ.

ನಿನ್ನೆ ಸಿದ್ರಾಮಣ್ಣ ಒಂದು ಅಚ್ಚು ಬೆಲ್ಲ, ಹಾಲು ಹಿಡಿದುಕೊಂಡು ಬಂದ, ಹುಡುಗಿಗೆ ಕೊಡಿ ಅಂತ. ನಾನು ಮುಟ್ಟಲಿಲ್ಲ.

"ಬೆಲ್ಲ ಬೇಡ. ಮಾತು ಬೇಕು. ನಾಳೆ ಡೇರಿ ಹತ್ರ ಜನ ಸೇರ್ದಾಗ ಹೇಳು, ತಪ್ಪು ಯಾರ್ದು ಅಂತ."

"ಹೆಣ್ಮಕ್ಳ ವಿಷ್ಯ, ಡೇರಿ ಮುಂದೆ ಯಾಕಮ್ಮ? ಮನೆಗೆ ಬಂದು ಪುಟ್ಟಮ್ಮಂಗೆ ಹೇಳ್ತೀನಿ."

"ಹೆಣ್ಮಕ್ಳ ವಿಷ್ಯ ಅಲ್ಲ, ನಿನ್ ಕ್ಯಾನಿನ ವಿಷ್ಯ. ಆ ಹುಡುಗಿ ಮೇಲೆ ಮಾತು ಹೊರಿಸ್ತಿರೋದು ಬೀದೀಲಿ. ಇಳಿಸೋದೂ ಬೀದೀಲೇ ಆಗ್ಬೇಕು."

ಅವನು ಹಾಲು, ಬೆಲ್ಲ ಅಲ್ಲೇ ಇಟ್ಟು ಹೋದ. ಡೇರಿಗೆ ಬಂದು ಹೇಳುತ್ತಾನೆ ಅಂತ ನನಗೆ ನಂಬಿಕೆಯಿರಲಿಲ್ಲ. ಎಷ್ಟು ಜನ ನಾಯಕರು ಹೀಗೆ ಸುಮ್ಮನೆ ಎದ್ದು ಹೋದದ್ದನ್ನು ನಾವು ನೋಡಿಲ್ಲ?

ಇವತ್ತು ಬೆಳಿಗ್ಗೆ ಡೇರಿಯ ಮುಂದೆ ಹಾಲಿನ ಕ್ಯಾನುಗಳ ಸಾಲು. ಪುಟ್ಟಮ್ಮನೂ ಸಾಲಿನಲ್ಲಿದ್ದಳು. ಸಿದ್ರಾಮಣ್ಣ ಬಂದ. ಹಾಲು ಹಾಕಿದ. ಹಾಕಿ, ಹೋಗದೆ, ತಿರುಗಿ ನಿಂತ. ಹೆಗಲ ಮೇಲಿನ ಟವಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಒಂದ್ ಮಾತು ಕೇಳ್ರಪ್ಪ. ಆ ಬದಿಗೆ ಔಷ್ಧಿ ಹೊಡ್ಸಿದೋನು ನಾನು. ದನಕ್ಕೆ ಗುರ್ತು ಕಟ್ದೆ, ಜನಕ್ಕೆ ಕಟ್ಲಿಲ್ಲ. ಆ ಹುಡುಗಿ ತಿಂದಿದ್ದು ಅವ್ರಮ್ಮ ತಿಂತಿದ್ದ ಜಾಗದ್ ಸೊಪ್ಪು, ಅದಕ್ಕೆ ಅವ್ಳು ಯಾರ್ನೂ ಕೇಳ್ಬೇಕಾಗಿರ್ಲಿಲ್ಲ. ನಾಳೆ ಏನೇ ಆದ್ರೂ, ಒಳ್ಳೇದಾದ್ರೂ ಕೆಟ್ಟದ್ದಾದ್ರೂ, ಅವಳನ್ನ ಅಂದೋರು ನನ್ನ ಮನೆ ಬಾಗ್ಲಿಗೆ ಬಂದು ಅನ್ಲಿ."

ಒಬ್ಬ ಹಿಂದಿನಿಂದ, "ಹಂಗಾದ್ರೆ ಇನ್ಮೇಲೆ ಹೊಡ್ಸಲ್ವಾ ಸಿದ್ರಾಮಣ್ಣ?" ಅಂದ. "ಅದು ಹೇಳಾಕಾಗಲ್ಲ ಕಣಪ್ಪ. ಹೊಡ್ಸುದ್ರೆ ಮನೆಮನೆಗೆ ಬಂದು ಹೇಳ್ತೀನಿ" ಅಂದ. ಹೊಡೆಸಲ್ಲ ಅಂತ ಟವಲ್ ಬೀಸಿ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ ಗೌರಕ್ಕ. ಇದನ್ನು ನಂಬಿದ್ದೇನೆ. ಅವನ ಜೊತೆಗಿನ ಜಗಳ ಮುಗಿದಿಲ್ಲ. ಆ ಅಂಗಡಿಯವನ ಜೊತೆಗಿನದು ಇನ್ನೂ ಶುರುವೇ ಆಗಿಲ್ಲ.

ಪುಟ್ಟಮ್ಮ ಖಾಲಿ ಕ್ಯಾನು ಹಿಡಿದು ಮನೆಗೆ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಒಳಗೆ ಹೋಗಿ, ಹರಳೆಣ್ಣೆ ಬಟ್ಟಲು ತಂದು, ಜಗಲಿಯ ಮೇಲೆ ಕೂತು, "ಬಾರೇ, ತಲೆ ನೋಡು ಹೆಂಗಾಗದೆ, ಎಣ್ಣೆ ಕಾಣ್ದೆ ಎಷ್ಟು ದಿನ ಆಯ್ತು" ಅಂದಳು. ಶೋಭಾ ನನ್ನ ಕಡೆ ನೋಡಿದಳು. ಹೋಗು ಅಂತ ಕಣ್ಣಲ್ಲೇ ಹೇಳಿದೆ. ಅತ್ತೆಯ ಕಾಲ ಬಳಿ ಕೂತವಳು ಎಣ್ಣೆ ತಟ್ಟಿಸಿಕೊಳ್ಳುತ್ತಾ ಹಾಗೇ ತೂಕಡಿಸಿದಳು. ತರೀಕೆರೆಯಿಂದ ಬಂದ ಮೇಲೆ ಅವಳು ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಮಗುವಿನ ವಿಷಯದಲ್ಲಿ ನನಗೆ ಯಾರೂ ಖಾತ್ರಿ ಕೊಟ್ಟಿಲ್ಲ, ನಿನಗೆ ನಾನು ಎಲ್ಲಿಂದ ಕೊಡಲಿ? ಸ್ಕ್ಯಾನಿಂಗಿಗೆ ಇನ್ನೆಷ್ಟು ದಿನ ಅಂತ ಎಣಿಸುತ್ತಾ ಕೂತಿದ್ದೇನೆ. ನನ್ನ ಕೈಲಾಗುವುದು ಒಂದೇ. ಅದು ಹೇಗೇ ಹುಟ್ಟಲಿ, ನೀನು ತಿಂದದ್ದಕ್ಕೇ ಹೀಗಾಯಿತು ಅಂತ ನಿನ್ನ ಮಗಳಿಗೆ ಹೇಳಲು ಬಾಯಿ ತೆರೆಯುವವರು ಮೊದಲು ನನ್ನನ್ನು ದಾಟಿ ಹೋಗಬೇಕು. ನಾನು ಎಷ್ಟು ಹೊತ್ತು ಅಡ್ಡ ಕೂರಬಲ್ಲೆ ಅಂತ ನಿನಗೆ ಗೊತ್ತು.

ನಿನ್ನ
ಸಾವಿತ್ರಿ